ಎಣ್ಣೆ ಕುಡಿದ ಒರೆ: ಡೊಂಬಿವಲಿ ಮಳೆಗಾಲದ ಟಿಪ್ಪಣಿ

ಜೂನ್ 28

ಅಟ್ಟದಿಂದ ಟ್ರೆಕ್ಕಿಂಗ್ ಬ್ಯಾಗ್ ಇಳಿಸಿದೆ. ಚಾಕುವಿನ ಚರ್ಮದ ಒರೆ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು. ಮಳೆ ಶುರುವಾದರೆ ಮುಂಬೈ ಪಕ್ಕದ ಈ ಊರಲ್ಲಿ ಬೆಲ್ಟು, ಬೂಟು ಎಲ್ಲದರದ್ದೂ ಇದೇ ಗತಿ, ಅದು ಹೊಸದಲ್ಲ. ಹೊಟ್ಟೆ ಉರಿದಿದ್ದು ಚಾಕು ಎಳೆದಾಗ. ಕಾರ್ಬನ್ ಸ್ಟೀಲ್ ಅಲಗು, ಒಂದು ಬದಿಗೆ ತುಂಬಾ ತುಕ್ಕಿನ ಕಂದು ಚುಕ್ಕಿ. ನವೆಂಬರ್‌ನಿಂದ ಒರೆಯಲ್ಲೇ ಇಟ್ಟಿದ್ದೆ. ಚರ್ಮ ಗಾಳಿಯ ತೇವ ಹೀರುತ್ತೆ, ಆ ತೇವವೆಲ್ಲ ಅಲಗಿಗೆ.

ಮೂಗಿಗೆ ಬಟ್ಟೆ ಕಟ್ಟಿ, ಬಾಲ್ಕನಿಯಲ್ಲಿ ಒಣ ಬ್ರಶ್ಶಿನಿಂದ ಉಜ್ಜಿದೆ. ಆಮೇಲೆ ವಿನೆಗರ್, ನೀರು ಸಮ ಬೆರೆಸಿ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಎರಡು ದಿನ. ಹೇರ್ ಡ್ರೈಯರ್ ಹಿಡಿಯಲಿಲ್ಲ, ಬಿಸಿಗೆ ಚರ್ಮ ಬಿರುಕು ಬಿಡುತ್ತೆ.

ಜುಲೈ 1

ಇಲ್ಲಿ ಎಡವಿದೆ. ನಮ್ಮದು ಅಥಣಿ ಕಡೆ. ಊರಲ್ಲಿ ಚಪ್ಪಲಿಗೆ ಎಣ್ಣೆ ಹಚ್ಚೋದು ನೋಡಿ ಬೆಳೆದವನು. ಕೊಬ್ಬರಿ ಎಣ್ಣೆ ಬಾಟಲಿ ತಗೊಂಡು ಮೂರು ಸಲ ಬಳಿದೆ. ಅಮ್ಮ ನೋಡಿ, "ಎಷ್ಟ್ ಎಣ್ಣಿ ಸುರೀತಿಯೋ, ಅದೇನ್ ಬದನಿಕಾಯಿ ಆತೇನು?" ಅಂದರು. ಕೇಳಬೇಕಿತ್ತು.

ಬೆಳಿಗ್ಗೆ ನೋಡಿದರೆ ಒರೆ ಕಪ್ಪಾಗಿ, ಹಳೇ ಪರ್ಸಿನ ಹಾಗೆ ಮೆತ್ತಗಾಗಿತ್ತು. ತಲೆಕೆಳಗೆ ಹಿಡಿದೆ, ಚಾಕು ಜಾರಿ ಟೈಲ್ಸ್ ಮೇಲೆ. ಕಾಲು ಸ್ವಲ್ಪದರಲ್ಲಿ ಉಳಿಯಿತು. ಚಪ್ಪಲಿ ಬಗ್ಗಬೇಕು, ಒರೆ ಬಗ್ಗಬಾರದು. ಇದು ಹೊಳೆಯಲೇ ಇಲ್ಲ ನನಗೆ.

ಜುಲೈ 6

ಎಣ್ಣೆ ಹೀರಲಿ ಅಂತ ಒರೆಗೆ ಕಾರ್ನ್‌ಫ್ಲೋರ್ ದಪ್ಪಗೆ ಮೆತ್ತಿ ಐದು ದಿನ ಇಟ್ಟೆ, ನಡುವೆ ಎರಡು ಸಲ ಬದಲಿಸಿದೆ. ಹಿಟ್ಟು ಹಳದಿಯಾಗಿ ಉಂಡೆಗಟ್ಟಿತು. ಎಣ್ಣೆ ಪೂರ್ತಿ ಬರಲಿಲ್ಲ, ಆದರೂ ಪರವಾಗಿಲ್ಲ.

ಜುಲೈ 13

ಚರ್ಮ ಮರದ ತೊಗಟೆಯಲ್ಲಿ ಹದ ಮಾಡಿದ್ದು, ನಮ್ಮೂರ ಚಪ್ಪಲಿಯದೇ ಜಾತಿ. ಅಂಥದ್ದು ನೆನೆದರೆ ಕೊಟ್ಟ ಆಕಾರ ಹಿಡಿಯುತ್ತೆ. ಕ್ರೋಮ್ (ಕ್ರೋಮಿಯಂ ಲವಣ) ಹದದ್ದಾಗಿದ್ದರೆ ಈ ಆಟ ಅಷ್ಟಾಗಿ ನಡೆಯುತ್ತಿರಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದೆ. ಎಣ್ಣೆ ಉಳಿದ ಕಡೆ ನೀರು ಮುತ್ತಿನ ಹಾಗೆ ಉರುಳಿತು, ಉಳಿದಲ್ಲಿ ಇಳಿಯಿತು. ತುಕ್ಕು ತೆಗೆದ ಚಾಕುವಿಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಎರಡು ಸುತ್ತು ಸುತ್ತಿ, ಒಳಗೆ ತೂರಿಸಿ, ಹಿಡಿಯ ಬುಡದಲ್ಲಿ ಹೆಬ್ಬೆರಳಿಂದ ಒತ್ತುತ್ತಾ ಕೂತೆ. ಒಣಗಲು ನಾಲ್ಕು ದಿನ. ಈ ಹವೆಯಲ್ಲಿ ಟವೆಲ್ಲೇ ಒಣಗಲ್ಲ, ಅಲ್ವಾ?

ಜುಲೈ 20

ಜೇನುಮೇಣ ಒಂದು ಪಾಲು, ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಮೂರು ಪಾಲು. ಇದು ಕಮಟು ಹಿಡಿಯಲ್ಲ ಅಂತ ಆರಿಸಿದ್ದು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿದೆ, ಮೇಣ 62–64 ಡಿಗ್ರಿಗೆ ಕರಗುತ್ತೆ. ಆರಿದ ಮೇಲೆ ಕಡಲೆಕಾಳಿನಷ್ಟು ಬಟ್ಟೆಗೆ ತಗೊಂಡು ಹೊರಗಡೆ ಮಾತ್ರ ತಿಕ್ಕಿದೆ. ಅಷ್ಟೇ ಸಾಕಾಯಿತು. ಹೊಲಿಗೆಗೆ ಇನ್ನೊಂಚೂರು.

ಚಾಕು ತೂರಿಸಿದ ಒರೆಯನ್ನು ತಲೆಕೆಳಗೆ ಹಿಡಿದು ಹಾಸಿಗೆ ಮೇಲೆ ಅಲ್ಲಾಡಿಸಿದೆ. ಎರಡು ಸಲ ನಿಂತಿತು, ಮೂರನೇ ಜೋರು ಕುಲುಕಿಗೆ ಜಾರಿತು. ಒರೆಯ ಬಾಯಿಗೆ ಒಂದು ಪಟ್ಟಿ, ಗುಂಡಿ ಹಾಕಿಸಬೇಕು. ಹಿತ್ತಾಳೆ ರಿವೆಟ್ ಸುತ್ತ ಹಸಿರು ಕಿಲುಬು ಇನ್ನೂ ಇದೆ, ಚರ್ಮದ ಜಿಡ್ಡು ತಾಗಿ ಆಗೋದು ಅದು. ಟೂತ್‌ಪಿಕ್‌ನಿಂದ ಕೆರೆಯಬೇಕು. ಚಾಕು ಈಗ ಎಣ್ಣೆ ಸವರಿ, ಬೇರೆ ಡಬ್ಬಿಯಲ್ಲಿದೆ.