ಮೂರು ಪುಸ್ತಕ, ಒಂದೇ ಕಾಗದ

ಶಾಲಾ ಮಕ್ಕಳ ಕ್ವಿಜ್‌ಗೆ ಪ್ರಶ್ನೆ ಬರೆಯೋದು ನನ್ನ ಕೆಲಸ. ಉತ್ತರ ಮೂರು ಕಡೆ ಸಿಕ್ಕರೆ ಪ್ರಶ್ನೆ ಪಾಸ್, ಇದು ನಮ್ಮ ಪದ್ಧತಿ. ಸೇರಿದ ಮೊದಲ ವರ್ಷ ‘ಬೇಸ್‌ಬಾಲ್ ಕಂಡುಹಿಡಿದವರು ಯಾರು?’ ಅಂತ ಬರೆದೆ. ಉತ್ತರ: ಆಬ್ನರ್ ಡಬಲ್‌ಡೇ, 1839, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್. ಮೂರು ಪುಸ್ತಕದಲ್ಲೂ ಅದೇ ಇತ್ತು.

ತಿದ್ದುವ ಮೇಡಂ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಕಳಿಸಿದರು: ‘ಕಣ್ಣಾರೆ ಕಂಡವರು ಯಾರಮ್ಮಾ?’

ಎರಡು ದಿನ ಹುಡುಕಿದೆ. ಈ ಆಟದ ಮೂಲ ಪತ್ತೆಹಚ್ಚಲು ಅಮೆರಿಕದಲ್ಲಿ 1905ರಲ್ಲಿ ಒಂದು ಸಮಿತಿ ಆಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ರಕರ್ತ ಹೆನ್ರಿ ಚಾಡ್ವಿಕ್, ಇದು ಅಲ್ಲಿನ ರೌಂಡರ್ಸ್ ಆಟದಿಂದ ಬಂದದ್ದು ಅನ್ನುತ್ತಿದ್ದರು. ಕ್ರೀಡಾ ಸಾಮಗ್ರಿ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಅದನ್ನು ಒಪ್ಪಲೇ ಇಲ್ಲ, ಅವರ ಪ್ರಕಾರ ಇದು ಅಪ್ಪಟ ಅಮೆರಿಕದ ಆಟ. ಆಗ ಆಬ್ನರ್ ಗ್ರೇವ್ಸ್ ಎಂಬ ಗಣಿ ಎಂಜಿನಿಯರ್ ಒಂದು ಕಾಗದ ಬರೆದರು, ನಮ್ಮೂರಲ್ಲಿ ಡಬಲ್‌ಡೇ ಈ ಆಟ ಶುರು ಮಾಡಿದ್ದು ನನಗೆ ನೆನಪಿದೆ ಅಂತ. 1907ರ ಕೊನೆಗೆ ಸಮಿತಿ ಅದನ್ನೇ ಎತ್ತಿಹಿಡಿಯಿತು. 1839ರಲ್ಲಿ ಗ್ರೇವ್ಸ್‌ಗೆ 5 ವರ್ಷ! ಡಬಲ್‌ಡೇ ಆಗ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದುತ್ತಿದ್ದರು. ಸಮಿತಿ ಕೂರುವ ಮೊದಲೇ, 1893ರಲ್ಲಿ, ತೀರಿಕೊಂಡಿದ್ದರು, ಕೇಳೋಣ ಅಂದರೂ ಇರಲಿಲ್ಲ.

ನನ್ನ ಮೂರೂ ಪುಸ್ತಕ ನಿಂತಿದ್ದು ಆ ಒಂದೇ ಕಾಗದದ ಮೇಲೆ. ಮೂರು ಕೊಡ, ಬಾವಿ ಒಂದೇ.

ಇನ್ನೂ ಹಿಂದಕ್ಕೆ ಹೋದಾಗ ನನಗೆ ತುಂಬಾ ಇಷ್ಟವಾದದ್ದು ಸಿಕ್ಕಿತು. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಅನ್ನೋ ಊರಿನವರು 1791ರಲ್ಲಿ ಒಂದು ಕಟ್ಟಳೆ ಮಾಡಿದ್ದರು. ಹೊಸದಾಗಿ ಕಟ್ಟಿದ ಸಭಾಮಂದಿರದ ಕಿಟಕಿಗಳು ಉಳಿಯಬೇಕು, ಅದಕ್ಕೆ ಅದರಿಂದ 80 ಗಜದೊಳಗೆ ಯಾರೂ ಚೆಂಡಾಟ ಆಡಬಾರದು. ಆಟಗಳ ಹೆಸರೂ ಬರೆದಿದ್ದಾರೆ, ಅದರಲ್ಲಿ ಕ್ರಿಕೆಟ್ ಇದೆ, ಅದರ ಪಕ್ಕದಲ್ಲೇ ಬೇಸ್‌ಬಾಲ್! ಗಲ್ಲಿ ಕ್ರಿಕೆಟ್‌ನಲ್ಲಿ ಪಕ್ಕದ ಮನೆ ಗಾಜು ಒಡೆದವರಿಗೆ ಆ ಊರಿನವರ ಕಷ್ಟ ಗೊತ್ತಾಗುತ್ತೆ, ಅಲ್ವಾ? ಡಬಲ್‌ಡೇ ಕಥೆಗಿಂತ 48 ವರ್ಷ ಮೊದಲೇ ಊರಿಗೆ ತಲೆನೋವಾಗುವಷ್ಟು ಜನ ಈ ಆಟ ಆಡುತ್ತಿದ್ದರು. ಲಂಡನ್‌ನಲ್ಲಂತೂ 1744ರಷ್ಟು ಹಿಂದೆಯೇ ಮಕ್ಕಳ ಪುಸ್ತಕವೊಂದರಲ್ಲಿ ಇದರ ಹೆಸರು ಅಚ್ಚಾಗಿತ್ತು.

ಅಂದರೆ ನನ್ನ ಉತ್ತರ ಮಾತ್ರ ಅಲ್ಲ, ಪ್ರಶ್ನೆಯೇ ತಪ್ಪು. ಒಬ್ಬರು ಕೂತು ಕಂಡುಹಿಡಿದ ಆಟವೇ ಅಲ್ಲ ಇದು. ನ್ಯೂಯಾರ್ಕ್‌ನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ನಿಯಮ ಬರೆದಿಟ್ಟಿತು, ಪಂದ್ಯಕ್ಕೆ 9 ಇನಿಂಗ್ಸ್ ಅಂತ ನಿಗದಿಯಾದದ್ದು 1857ರಲ್ಲಿ. ಹೀಗೆ ಬೆಳೀತಾ ಬಂತು.

ಈಗ ನನ್ನ ಎಕ್ಸೆಲ್ ಹಾಳೆಯಲ್ಲಿ ‘ಮೊದಲು ಹೇಳಿದವರು, ಆಗ ಎಲ್ಲಿದ್ದರು’ ಅಂತ ಇನ್ನೊಂದು ಕಾಲಂ ಇದೆ. ಆ ಪ್ರಶ್ನೆಯನ್ನೂ ಬದಲಾಯಿಸಿದೆ: ‘1791ರಲ್ಲಿ ಪಿಟ್ಸ್‌ಫೀಲ್ಡ್‌ನವರು ಬೇಸ್‌ಬಾಲ್‌ಗೆ ತಡೆ ಹಾಕಿದ್ದು ಏನನ್ನು ಉಳಿಸಿಕೊಳ್ಳಲು?’ ಮೇಡಂ ಈ ಸಲ ಪೆನ್ಸಿಲ್‌ನಲ್ಲಿ ಬರೀ ಒಂದು ಟಿಕ್ ಹಾಕಿದರು.