ಬೆಂಗಳೂರಲ್ಲಿ ಕೂತು ಟ್ರಾಲರ್ ಜಾಡು ಓದುವುದು

ರಸೆಲ್ ಮಾರ್ಕೆಟ್ಟಿನ ಬಂಗುಡೆ ಯಾವ ನೀರಿನಿಂದ ಬಂತು ಎಂದು ತಿಳಿಯಲು ಮಲ್ಪೆಗೇ ಹೋಗಬೇಕಿಲ್ಲ. ದೋಣಿಯಲ್ಲಿ ಎಐಎಸ್ (ಗುರುತು, ಜಾಗ, ವೇಗವನ್ನು ರೇಡಿಯೋದಲ್ಲಿ ತಾನಾಗಿ ಸಾರುವ ಸಾಧನ) ಇದ್ದರೆ ಅರ್ಧ ಕೆಲಸ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಉಳಿದರ್ಧವೇ ಕಷ್ಟದ್ದು.

ಮೊದಲು ಕಸ ತೆಗೆಯಿರಿ. ಎಐಎಸ್ ಇರುವ ಪ್ರತಿ ದೋಣಿಗೂ 9 ಅಂಕಿಯ ಗುರುತಿನ ಸಂಖ್ಯೆ, ಎಂಎಂಎಸ್ಐ. ಭಾರತದ್ದು 419ರಿಂದ ಶುರು. ಒಂದೇ ಸಂಖ್ಯೆಯನ್ನು ಎರಡು ದೋಣಿ ಬಳಸಿದರೆ ನಕ್ಷೆಯಲ್ಲಿ ದೋಣಿ ಮಂಗನಂತೆ ಅತ್ತಿಂದಿತ್ತ ಹಾರುತ್ತದೆ. ಎರಡು ಬಿಂದುಗಳ ನಡುವಿನ ವೇಗ ಲೆಕ್ಕಹಾಕಿ, 50 ನಾಟ್ (ಗಂಟೆಗೆ ಸುಮಾರು 93 ಕಿಲೋಮೀಟರ್) ದಾಟಿದರೆ ಬೇರ್ಪಡಿಸಿ. ಬಲೆಗೆ ಕಟ್ಟಿದ ಎಐಎಸ್ ತೇಲುಬುರುಡೆಗಳೂ ದೋಣಿಯ ವೇಷ ಹಾಕುತ್ತವೆ, ಎಚ್ಚರ.

ಆಮೇಲೆ ವೇಗ. ಟ್ರಾಲ್ ಬಲೆ ಎಳೆಯುವಾಗ ಸಾಮಾನ್ಯವಾಗಿ 2ರಿಂದ 4 ನಾಟ್, ಗಂಟೆಗೆ ಸುಮಾರು 4ರಿಂದ 7 ಕಿಲೋಮೀಟರ್. ಅದೇ ವೇಗದಲ್ಲಿ ಗಂಟೆಗಟ್ಟಲೆ ಸಾಗಿ, ತಿರುಗಿ ಮತ್ತೆ ಅದೇ ಪಟ್ಟಿಯಲ್ಲಿ ಬಂದರೆ ಬಲೆ ನೀರಿನಲ್ಲಿದೆ ಎನ್ನಬಹುದು. ಬಂದರಿನ ಬಾಯಲ್ಲೂ ವೇಗ ಇಷ್ಟೇ ಇರುವುದರಿಂದ ಆ ಭಾಗ ಕತ್ತರಿಸಿ.

ಸಿಗ್ನಲ್ ಮಾಯವಾದರೆ ಕಳ್ಳತನವೆಂದೇ ತೀರ್ಮಾನಿಸಬೇಡಿ. ಎಐಎಸ್ ಚಾನೆಲ್ಲೊಂದರಲ್ಲಿ ನಿಮಿಷಕ್ಕೆ 2,250 ಸ್ಲಾಟ್ (ಸಂದೇಶ ಕಳಿಸುವ ಸಮಯದ ತುಣುಕು) ಮಾತ್ರ. ಉಪಗ್ರಹಕ್ಕೆ ಒಮ್ಮೆಲೇ ಸಾವಿರಾರು ಹಡಗು ಕೇಳಿಸುವಾಗ ಸಂದೇಶಗಳು ಡಿಕ್ಕಿಯಾಗುತ್ತವೆ. ಸಣ್ಣ ದೋಣಿಗಳ ದುರ್ಬಲ ಎಐಎಸ್ ಆದ ಕ್ಲಾಸ್ ಬಿ ಮೊದಲು ಸೋಲುತ್ತದೆ.

ಎಐಎಸ್ ಸಿಗದಾಗ ಯುರೋಪಿನ ಸೆಂಟಿನೆಲ್-1 ಅಥವಾ ಇಸ್ರೋದ ಇಒಎಸ್-04 ಉಪಗ್ರಹದ ರೇಡಾರ್ ಚಿತ್ರ ಮೋಡದೊಳಗಿಂದಲೂ ನೋಡುತ್ತದೆ. ಆದರೆ ಮರದ, ಫೈಬರಿನ ಸಣ್ಣ ದೋಣಿ ಅಲೆಗಳ ಹೊಳಪಿನಲ್ಲೇ ಕರಗಿಹೋಗಬಹುದು. ಕರ್ನಾಟಕದ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ವೇಳೆ ಚುಕ್ಕಿ ಕಂಡರೂ ತಾಳಿ: ನಾಡದೋಣಿಗಳಿಗೆ ವಿನಾಯಿತಿ ಇದೆ.