ಅರ್ಧ ಪುಕ್ಕ ಕಿತ್ತ ಕೋಳಿ

ಹೋದ ಭಾನುವಾರ ಅವ್ವಂಗೆ ವಿಡಿಯೋ ಕಾಲ್ ಮಾಡಿ, ಹಿತ್ತಲಿಗೆ ಹೋಗಿ, ನೋಡವ್ವಾ ಕೋಳಿ ತಂದಿದೀವಿ ಅಂತ ಫೋನ್ ತಿರುಗಿಸಿ ತೋರಿಸಿದೆ. ಅವ್ವ ಕನ್ನಡಕ ಹುಡುಕಿ ಹಾಕ್ಕೊಂಡು ಒಂದಷ್ಟು ಹೊತ್ತು ನೋಡಿ, "ಇದ್ಯಾಕ್ಲಾ ಮಗ, ಪುಕ್ಕ ಕೀಳಕ್ಕೆ ಕೂತು ಅರ್ಧಕ್ಕೇ ಎದ್ದೋಗಿದ್ದೀಯ?" ಅಂದ್ಲು.

ನಂಗೆ ನಗು ತಡ್ಕೊಳಕ್ಕೆ ಆಗ್ಲಿಲ್ಲ, ಮಗಳಿಗೆ ಮಾತ್ರ ಸಿಟ್ಟು ಬಂತು. ಆದ್ರೆ ಅವ್ವ ಹೇಳಿದ್ರಲ್ಲಿ ಸುಳ್ಳೇನಿಲ್ಲ. ಮೂರೂ ಹೇಂಟೆಗಳದ್ದು ಕತ್ತಿಂದ ಎದೆವರೆಗೂ ಬೋಳು, ಬೆನ್ನ ಮೇಲೆ ಸವೆದ ಪೊರಕೆ ಕಡ್ಡಿ ತರ ನಾಕೈದು ಪುಕ್ಕ, ಬಾಲದ ಬುಡದಲ್ಲಿ ಕೆಂಪು ಚರ್ಮ, ಜುಟ್ಟು ಬಿಳಚಿಕೊಂಡು ಒಂದು ಕಡೆ ಜೋತು ಬಿದ್ದಿದೆ. ಇಲ್ಲಿ ಇಂಗ್ಲೆಂಡಲ್ಲಿ ಪಂಜರದ ಕೋಳಿಗಳನ್ನ ಸುಮಾರು 72 ವಾರ ಆದ್ಮೇಲೆ ಮೊಟ್ಟೆ ಕಮ್ಮಿ ಆಗುತ್ತೆ ಅಂತ ಕಸಾಯಿಖಾನೆಗೆ ಕಳಿಸಿಬಿಡ್ತಾರೆ, ಅಷ್ಟರಲ್ಲಿ ಒಂದೊಂದೂ ವರ್ಷಕ್ಕೆ ಮುನ್ನೂರರ ಹತ್ರ ಮೊಟ್ಟೆ ಇಟ್ಟು ಸುಸ್ತಾಗಿರುತ್ತೆ. ಹಂಗೆ ಹೋಗೋವುಗಳಲ್ಲಿ ಕೆಲವನ್ನ ತಂದು ಮನೆಗಳಿಗೆ ಕೊಡೋ ಸಂಸ್ಥೆಗಳಿವೆ, ದೊಡ್ಡದು 2005ರಲ್ಲಿ ಡೆವನ್‌ನಲ್ಲಿ ಶುರುವಾದ ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್. ಬರೀ ತಂತಿ ಪಂಜರ 2012ರಿಂದ ಬ್ಯಾನ್ ಆಗಿದೆ, ಈಗಿರೋ 'ಸುಧಾರಿಸಿದ' ಪಂಜರದಲ್ಲಿ ಒಂದು ಕೋಳಿಗೆ 750 ಚದರ ಸೆಂಟಿಮೀಟರ್ ಜಾಗ, ಅಂದ್ರೆ ಒಂದು ಎ4 ಹಾಳೆಗಿಂತ ಸ್ವಲ್ಪ ಜಾಸ್ತಿ. ಸುಧಾರಣೆ ಅಂದ್ರೆ ಇಷ್ಟೇನಾ ಅಂತ ಕೇಳ್ಬೇಡಿ, ನಾನೂ ಕೇಳಿದ್ದೆ.

ಜನವರಿ ಕೊನೇಲಿ ತಂದ್ವಿ, ಬೆಕ್ಕು ಹಾಕೋ ರಟ್ಟಿನ ಡಬ್ಬದಲ್ಲಿ. ಮಗಳು ದಾರೀಲೇ ಪಿಕಲ್, ಬಿಸ್ಕೆಟ್, ಮೇಬಲ್ ಅಂತ ಹೆಸರಿಟ್ಟಾಗಿತ್ತು. ಮೂರು ದಿನ ಅವು ಹುಲ್ಲಿನ ಮೇಲೆ ಕಾಲೇ ಇಡ್ಲಿಲ್ಲ, ಗೂಡಿನ ಬಾಗಿಲಲ್ಲಿ ನಿಂತು ಆಕಾಶ ನೋಡೋವು. ರಾತ್ರಿ ಅಡ್ಡಪಟ್ಟಿ ಮೇಲೆ ಕೂರಕ್ಕೆ ಗೊತ್ತಿಲ್ಲ, ಮೂಲೇಲಿ ಒಂದರ ಮೇಲೊಂದು ಬಿದ್ದು ಮಲಗೋವು, ನಾನು ಟಾರ್ಚ್ ಹಿಡ್ಕೊಂಡು ಹೋಗಿ ಒಂದೊಂದನ್ನೇ ಎತ್ತಿ ಕೂರಿಸಿ ಬರ್ತಿದ್ದೆ. ಕೋಳಿಗೆ ಕೂರೋದು ಹೇಳಿಕೊಡೋ ಕಾಲ ಬರುತ್ತೆ ಅಂತ ಮದ್ದೂರು ಕಡೆ ಹುಟ್ಟಿದ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ.

ಪಕ್ಕದ ಮನೆ ಅಜ್ಜಿ, ಎಂಬತ್ತರ ಹತ್ರ ವಯಸ್ಸು, ಮೂರಕ್ಕೂ ಉಲ್ಲನ್ ಸ್ವೆಟರ್ ಹೆಣೆದು ತಂದುಕೊಟ್ರು, ಪಾಪ. ಕೋಳಿ ಕೊಟ್ಟವರು ಸ್ವೆಟರ್ ಬೇಡ ಅಂದಿದ್ರು, ಹೊಸ ಪುಕ್ಕ ಬರಕ್ಕೆ ಅಡ್ಡ ಆಗುತ್ತೆ, ಕೊಕ್ಕಿಂದ ಮೈ ತೀಡ್ಕೊಳಕ್ಕೂ ಆಗಲ್ಲ ಅಂತ. ಅಜ್ಜಿಗೆ ಹೆಂಗೆ ಹೇಳೋದು, ಸ್ವೆಟರ್ ಈಗ ಮಗಳ ಗೊಂಬೆಗಳು ಹಾಕ್ಕೊಂಡಿವೆ. ಪುಕ್ಕ ಅಂದ್ರೆ ಬಹುಪಾಲು ಪ್ರೋಟೀನೇ, ಅದಕ್ಕೆ ಹೊಟ್ಟೆಗೆ ಸರಿಯಾಗಿ ಹಾಕ್ಬೇಕು, ಗೂಡಿನ ಸಂದೀಲಿ ರಕ್ತ ಹೀರೋ ನುಸಿ ಇದ್ಯಾ ನೋಡ್ಬೇಕು, ಹೊರಳಾಡಕ್ಕೆ ಒಣಮಣ್ಣು ಬೇಕು. ಮೇಬಲ್ಲಿಗೆ ಬಾಲದ ಹತ್ರ ರಕ್ತ ಕಾಣ್ತಿತ್ತು, ಕೆಂಪು ಕಂಡ್ರೆ ಉಳಿದವು ಅಲ್ಲೇ ಕುಕ್ಕೋದು, ಅಲ್ಲಿಗೆ ನೇರಳೆ ಬಣ್ಣದ ಸ್ಪ್ರೇ ಹೊಡೀಬೇಕು. ಹೊಡೆದೆ, ನನ್ನ ಕೈ ಎರಡು ದಿನ ನೇರಳೆ, ಆಫೀಸಲ್ಲಿ ಎಲ್ರಿಗೂ ಉತ್ತರ ಹೇಳಿ ಸಾಕಾಯ್ತು.

ಅವ್ವನ ಔಷಧಿ ಬೇರೆ. "ಬೇವಿನೆಣ್ಣೆಗೆ ಅರಿಶ್ನ ಕಲಸಿ ಹಚ್ಚು." ಬೋಳು ಕೋಳಿಗೆ ಅರಿಶಿನ ಹಚ್ಚಿದ್ರೆ ನಮ್ಮ ಕಡೆ ಮುಂದಿನ ಕೆಲಸ ಮಸಾಲೆ ರುಬ್ಬೋದು. ಇನ್ನು ರಾತ್ರಿ ಉಳಿದ ಅನ್ನ ಹಾಕು ಅಂದ್ಲು. ಅದು ಇಲ್ಲಿ ಕಾನೂನು ಪ್ರಕಾರ ತಪ್ಪು ಕಣವ್ವ, ಅಡಿಗೆಮನೆಗೆ ಹೋಗಿ ಬಂದಿದ್ದು ಏನೂ ಹಾಕಂಗಿಲ್ಲ ಅಂದೆ. 2001ರಲ್ಲಿ ಕಾಲುಬಾಯಿ ಜ್ವರ ಬಂದಿದ್ದು ಹಂದಿಗೆ ಎಂಜಲು ಹಾಕಿದ್ರಿಂದ ಅಂತ ಆವಾಗಿಂದ ಕಟ್ಟುನಿಟ್ಟು. ಒಂದೇ ಕೋಳಿ ಇದ್ರೂ ಸರ್ಕಾರಕ್ಕೆ ನೋಂದಣಿ ಮಾಡಿಸ್ಬೇಕು, 2024ರ ಅಕ್ಟೋಬರಿಂದ. ಅವ್ವ ಒಂದು ನಿಮಿಷ ಸುಮ್ನಿದ್ದು, "ಇಷ್ಟೆಲ್ಲಾ ಕಾನೂನು ಇಟ್ಕೊಂಡು ಕೋಳಿ ಹಿಂಗಾಗವರ್ಗೂ ಏನ್ ಮಾಡ್ತಿದ್ರು" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಅವಳೇ ಹೇಳಿದ್ಲು, ಇಂತವು ಈಗ ನಮ್ಮೂರಿಗೂ ಬರ್ತವೆ, ಟೆಂಪೋದಲ್ಲಿ ತುಂಬ್ಕೊಂಡು ಮೈಕ್ ಹಾಕ್ಕೊಂಡು ಮೊಟ್ಟೆ ಕೋಳಿ ಮೊಟ್ಟೆ ಕೋಳಿ ಅಂತ ಕೂಗ್ತಾರೆ, ಮೈಮೇಲೆ ಪುಕ್ಕ ಇರಲ್ಲ, ಕುಕ್ಕರಲ್ಲಿ ಎಂಟು ವಿಷಲ್ ಕೂಗ್ಸಿದ್ರೂ ಬೇಯಲ್ಲ. ನಮ್ಮ ಹಿತ್ತಲಿಗೆ ಸಿಮೆಂಟ್ ಹಾಕಿ ಹತ್ತು ವರ್ಷ ಆಯ್ತು, ತಿಪ್ಪೆ ಇಲ್ಲ, ಮೊಟ್ಟೆ ಅಂಗಡಿಯಿಂದ ಟ್ರೇ ಲೆಕ್ಕದಲ್ಲಿ ಬರುತ್ತೆ. ಕೋಳಿಗೆ ಏನು ಅನ್ಯಾಯ ಆಗ್ತಿದೆ ಅಂತ ಇಂಗ್ಲೆಂಡಿಗೆ ಬಂದು ನೋಡೋದೇನೂ ಬೇಕಿರ್ಲಿಲ್ಲ ನಂಗೆ.

ಫೋನ್ ಇಟ್ಮೇಲೆ ಮಗಳು ಕೇಳಿದ್ಲು, "ಅಪ್ಪ, ಅಜ್ಜಿ ಕೋಳಿಗೆ ನೇಮ್ಸ್ ಇತ್ತಾ?"

ಇರ್ಲಿಲ್ಲ ಅಂದೆ. ಹೆಸರಿರ್ಲಿಲ್ಲ, ಮೈತುಂಬ ಪುಕ್ಕ ಇತ್ತು, ಬೆಳಿಗ್ಗೆ ಬುಟ್ಟಿ ಎತ್ತಿದ್ರೆ ಊರೆಲ್ಲಾ ಸುತ್ತಿ ಸಂಜೆ ತಾವೇ ಬರೋವು. ಆಮೇಲೆ ನೆನಪಾಯ್ತು, ಒಂದಕ್ಕೆ ಇತ್ತು. ಮಾರಮ್ಮನ ಹುಂಜ. ನಂಗೆ ಜ್ವರ ಬಂದಾಗ ಅವ್ವ ಹರಕೆ ಹೊತ್ತು ಬಿಟ್ಟಿದ್ದು, ಕಾಲಿಗೆ ಅರಿಶಿನದ ದಾರ, ಒಣಗಕ್ಕೆ ಹಾಕಿದ ರಾಗಿ ಮೇಲೆ ನಿಂತು ಕೆದರಿದ್ರೂ ಯಾರೂ ಹುಶ್ ಅನ್ನಂಗಿಲ್ಲ. ವರ್ಷ ಪೂರ್ತಿ ದೊರೆ ತರ ಓಡಾಡ್ಕೊಂಡಿತ್ತು. ಇದನ್ನ ಮಗಳಿಗೆ ಇಷ್ಟಕ್ಕೇ ನಿಲ್ಲಿಸಿ ಹೇಳಿದೆ, ಜಾತ್ರೆ ದಿನದ್ದು ಹೇಳ್ಲಿಲ್ಲ.

ಅವಳು ಯೋಚನೆ ಮಾಡಿ, "ಸೋ ಮಾರಮ್ಮ ಅದನ್ನ ಅಡಾಪ್ಟ್ ಮಾಡ್ಕೊಂಡಿದ್ರಾ?" ಅಂದ್ಲು.

ಹೂಂ ಅಂದೆ, ಇನ್ನೇನು ಅನ್ಲಿ. ರಾತ್ರಿ ಪೂರ್ತಿ ಅದೇ ತಲೇಲಿ.

ಈ ವಾರ ಪಿಕಲ್ ಬೆನ್ನಲ್ಲಿ ಹೊಸ ಪುಕ್ಕ ಮೊಳೀತಿದೆ. ಮೊದಲು ಮುಳ್ಳು ತರ, ನೀಲಿ ಬುಡ, ಒಳಗೆ ರಕ್ತ ಇರುತ್ತಂತೆ ಮುಟ್ಟಿದ್ರೆ ನೋವಾಗುತ್ತಂತೆ, ತುದಿ ಒಡೆದು ಸಣ್ಣ ಕುಂಚ ತರ ಬಿಚ್ಕೊತಿದೆ. ಅವ್ವ ಈಗ ಫೋನ್ ಎತ್ತಿದ ತಕ್ಷಣ ನಮ್ಮನ್ನ ವಿಚಾರಿಸಲ್ಲ, ಕೋಳಿ ತೋರ್ಸು ಅಂತಾಳೆ. ನೆನ್ನೆ ಹತ್ತಿರ ಹಿಡಿಸಿ ನೋಡಿ ಖುಷಿಯಾಗಿ, "ಬಂತು ಬಂತು. ಯುಗಾದಿ ಹೊತ್ಗೆ ಮೈ ತುಂಬ್ಕೊತವೆ ಕಣ್ಲಾ, ಹೊಸ್ತೊಡಕಿಗೆ..." ಅಂದವಳು ಪಕ್ಕದಲ್ಲಿ ಮೊಮ್ಮಗಳ ಮುಖ ಕಂಡು ತಟ್ಟಂತ ನಿಲ್ಲಿಸಿದ್ಲು.

"ಅಪ್ಪ, ಹೊಸ್ತೊಡಕು ಅಂದ್ರೆ ಏನು?"